ನಾವು ಕಡಿದ ಮಡದ ಕಾಡು

ನಾನು ಸಮುದ್ರದ ಮಗ್ಗುಲಲ್ಲಿ ಬದುಕಿದ್ದು ಒಂಬತ್ತು ತಿಂಗಳು. ಯುಗಾದಿ ಮುಗಿಸಿಕೊಂಡು ತಾಂಡೂರಿನಿಂದ ಹೊರಟವರು ಸಂಕ್ರಾಂತಿಗೆ ಇನ್ನೊಂದು ವಾರ ಇರುವಾಗ ತಿರುಗಿ ಬಂದೆವು. ಆ ದಿನಗಳನ್ನು ನೆನೆದರೆ ಈಗಲೂ ಮೊದಲು ಬರುವುದು ದಣಿವು. ಉಪ್ಪು ಒಣಗಿ ಬಿರಿದ ಚರ್ಮ, ಕಾಲ್ಬೆರಳ ಸಂದಿಯ ಕೆಸರು, ಎಷ್ಟು ಕುಡಿದರೂ ತೀರದ ನೀರಡಿಕೆ. ಅಳು, ಸಿಟ್ಟು, ತಪ್ಪು ಮಾಡಿದೆವೆಂಬ ಅರಿವು, ಎಲ್ಲ ಆಮೇಲೆ, ನಿಧಾನವಾಗಿ ಬರುತ್ತವೆ.

ನನ್ನ ತವರು ನಾರಾಯಣಖೇಡದ ಆಚೆ, ಮನೂರಿನ ಕಡೆಯ ಒಂದು ಹಳ್ಳಿ. ನಮ್ಮದು ಕುರಿ ಸಾಕುವ ಮನೆ. ಜೋಳ, ಹೆಸರು, ಉದ್ದು ಬೆಳೆಯುವ ಕರಿನೆಲ, ಸುಗ್ಗಿಯಾದ ಮೇಲೆ ಅದೇ ಹೊಲಗಳಲ್ಲಿ ಕುರಿ ತರುಬುವುದು, ವರ್ಷಕ್ಕೆ ಒಂದೆರಡು ಸಲ ಅಪ್ಪ ಟಗರು ಹೊಡೆದುಕೊಂಡು ಜಹೀರಾಬಾದಿನ ಸಂತೆಗೆ ಹೋಗುವುದು, ಇಷ್ಟೇ ನಾನು ಕಂಡ ಜಗತ್ತು. ಆಗ ನಿಜಾಮರ ಆಳ್ವಿಕೆ. ಸರ್ಕಾರಿ ಶಾಲೆಯಲ್ಲಿ ಕಲಿಸುತ್ತಿದ್ದುದು ಉರ್ದು. ಕನ್ನಡದ ಅಕ್ಷರ ಬೇಕೆಂದವರು ಮಠದ ಅಯ್ಯನವರ ಹತ್ತಿರ ಹೋಗಬೇಕು. ಅವರು ಗಂಡುಮಕ್ಕಳಿಗೆ ಉಸುಕಿನ ಮೇಲೆ ಬರೆಸುವಾಗ ನಾನು ಮರಿಗಳನ್ನು ಕಾಯುತ್ತಾ ಕಟ್ಟೆಯ ಕೆಳಗೆ ಕೂತಿರುತ್ತಿದ್ದೆ. ನೋಡಿದರೂ ಎದ್ದು ಹೋಗು ಎನ್ನಲಿಲ್ಲ. ಅವರ ಆ ಸುಮ್ಮನಿರುವಿಕೆಯಿಂದಲೇ ಇವತ್ತು ಇದನ್ನು ಬರೆಯಲು ಆಗುತ್ತಿದೆ.

ನನ್ನನ್ನು ತಾಂಡೂರಿಗೆ ಕೊಟ್ಟರು. ಗಂಡನ ಮನೆಯವರೂ ಮೂಲದಲ್ಲಿ ಕುರಿಯವರೇ. ಕಲ್ಲಿನ ಖಣಿಗಳು ಹೆಚ್ಚಾದ ಮೇಲೆ ಕುರಿ ಬಿಟ್ಟು ಉಳಿ ಹಿಡಿದಿದ್ದರು. ಮನೆಯಲ್ಲಿ ನನ್ನ ಗಂಡ, ಅವರ ಅಣ್ಣ, ಅಂದರೆ ನನ್ನ ಭಾವ, ಭಾವನ ಹೆಂಡತಿ, ಅವರ ಇಬ್ಬರು ಹೆಣ್ಣುಮಕ್ಕಳು. ಭಾವ ನೆಲಕ್ಕೆ ಫರಸಿ ಕಲ್ಲು ಹಾಸುವುದರಲ್ಲಿ ಹೆಸರಾದವರು. ಹಾಸಿದ ಕಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದು, ಹಿಮ್ಮಡಿಯಿಂದ ಒಂದು ಏಟು ಕೊಟ್ಟು, ಕೆಳಗೆ ಗಚ್ಚು ತುಂಬಿದೆಯೋ ಪೊಳ್ಳಿದೆಯೋ ಹೇಳಿಬಿಡುತ್ತಿದ್ದರು. ಒಂದು ಪೊಳ್ಳು ಸಿಕ್ಕರೆ ನಾಲ್ಕು ಕಲ್ಲು ಎಬ್ಬಿಸುತ್ತಿದ್ದರು. ಬೈಯುವವರಲ್ಲ. ಮಾತೇ ಕಡಿಮೆ.

ಭಾವನ ಎದುರು ನಾನು ಮಾತಾಡುವ ಪದ್ಧತಿ ಇರಲಿಲ್ಲ. ಅವರು ಬಂದರೆ ಸೆರಗು ತಲೆಯ ಮೇಲೆ ಎಳೆದುಕೊಂಡು ಬದಿಗೆ ಸರಿಯಬೇಕು. ಹೇಳುವುದಿದ್ದರೆ ಗಂಡನಿಗೆ ಹೇಳಿ ಅವರ ಬಾಯಿಂದ ಹೇಳಿಸಬೇಕು. ತಾಂಡೂರಿನಲ್ಲಿದ್ದಾಗ ಇದರಿಂದ ಯಾವ ಅಡಚಣೆಯೂ ಆಗಿರಲಿಲ್ಲ. ಅಡುಗೆಗೆ ಉಪ್ಪು ಮುಗಿದಿದೆ ಎನ್ನುವುದನ್ನು ಯಾರ ಬಾಯಿಂದ ಹೇಳಿದರೇನು.

ಆ ವರ್ಷ ಗುತ್ತೇದಾರ್ ಮನೆಗೆ ಬಂದು, ಇಂಗ್ರೇಜಿ ಸೀಮೆಯಲ್ಲಿ, ಬಂದರಿನ ಆಚೆ, ಹೊಳೆ ಸಮುದ್ರ ಸೇರುವ ಕಡೆ ಒಬ್ಬ ಸಾಹುಕಾರ ಉಪ್ಪು ತುಂಬಿಡುವುದಕ್ಕೆ ದೊಡ್ಡ ಗೋದಾಮು ಕಟ್ಟಿಸುತ್ತಿದ್ದಾನೆಂದೂ, ಅದಕ್ಕೆ ತಾಂಡೂರಿನ ಫರಸಿಯೇ ಬೇಕೆಂದಿದ್ದಾನೆಂದೂ ಹೇಳಿದ. ಕಲ್ಲು ರೈಲಿನಲ್ಲಿ ಹೋಗುತ್ತದೆ, ಹಾಸುವವರೂ ಜೊತೆಗೆ ಹೋಗಬೇಕು. ಭಾವ, ನನ್ನ ಗಂಡ, ದೌಲತಾಬಾದ್ ಕಡೆಯ ಒಬ್ಬ ಗಂಡ-ಹೆಂಡತಿ, ಅಡುಗೆಗೂ ಗಚ್ಚು ಕಲಸುವುದಕ್ಕೂ ನಾನು. ಭಾವನ ಹೆಂಡತಿ ಮಕ್ಕಳೊಂದಿಗೆ ಮನೆಯಲ್ಲಿ ಉಳಿದಳು. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಹೊರಡುವ ದಿನ ಎರಡು ಚೀಲ ಜೋಳದ ಹಿಟ್ಟು ಕಟ್ಟಿಕೊಟ್ಟಳು. ಸರಹದ್ದಿನ ಕರೋಡಗಿರಿ ನಾಕೆಯಲ್ಲಿ ಸುಂಕದ ಜವಾನ ಆ ಹಿಟ್ಟಿನೊಳಗೆ ಕಬ್ಬಿಣದ ಸಲಾಕೆ ಚುಚ್ಚಿ ಚುಚ್ಚಿ ನೋಡಿದ. ಎರಡು ದಿನ ರೈಲು, ಆಮೇಲೆ ಕಾಲುವೆಯಲ್ಲಿ ನಾವೆ. ನಾವೆ ಇಳಿದಾಗ ನನಗೆ ಸೊಂಟ ನೆಟ್ಟಗೆ ಮಾಡಲು ಆಗಲಿಲ್ಲ.

ಸಮುದ್ರ ನೋಡುತ್ತೇನೆಂದು ಬಂದಿದ್ದೆ. ಕಂಡದ್ದು ಕೆಸರು. ಗೋದಾಮಿನ ಗೋಡೆ ಎದ್ದಿತ್ತು. ಅದರ ಮುಂದೆ ಕಣ್ಣು ಹಾಯುವವರೆಗೆ ಬೂದುಬಣ್ಣದ ಕೆಸರು, ಅದರಲ್ಲಿ ಒತ್ತೊತ್ತಾಗಿ ನಿಂತ ಗಿಡಗಳು. ಮರ ಎನ್ನುವಷ್ಟು ಎತ್ತರವಿಲ್ಲ, ಪೊದೆ ಎನ್ನುವಷ್ಟು ಗಿಡ್ಡವಿಲ್ಲ. ಕೆಲವಕ್ಕೆ ಬೇರುಗಳು ನೆಲದ ಮೇಲೆಯೇ, ಮಡಚಿದ ಕಾಲುಗಳ ಹಾಗೆ. ಇನ್ನು ಕೆಲವುಗಳ ಸುತ್ತ ಗೂಟ ಬಡಿದಂತೆ ಬೆರಳುದ್ದದ ಬೇರುಗಳು ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡಿದ್ದವು. ದಿನಕ್ಕೆ ಎರಡು ಸಲ ನೀರು ಏರಿ ಆ ಗೂಟಗಳನ್ನು ಮುಚ್ಚುತ್ತಿತ್ತು, ಇಳಿದಾಗ ಕೊಳೆತ ತತ್ತಿಯ ವಾಸನೆ ಬರುತ್ತಿತ್ತು. ಅದನ್ನು ಅಲ್ಲಿಯವರು ತೆಲುಗಿನಲ್ಲಿ ಮಡ ಅಡವಿ ಎನ್ನುತ್ತಿದ್ದರು. ಇಂಥದ್ದಕ್ಕೂ ಅಡವಿ ಎನ್ನುತ್ತಾರಲ್ಲ ಎಂದು ನಾನು ದೌಲತಾಬಾದಿನವಳೊಂದಿಗೆ ನಕ್ಕಿದ್ದೆ. ಸಮುದ್ರ ಅದರ ಆಚೆ ಎಲ್ಲೋ ಇತ್ತು. ಅದರ ಸದ್ದು ಮಾತ್ರ ಕೇಳುತ್ತಿತ್ತು.

ಗೋದಾಮಿನ ಎಡಕ್ಕೆ ಮೀನುಗಾರರ ಒಂದು ಪಲ್ಲೆ, ಅಂದರೆ ಕೇರಿ. ಬಲಕ್ಕೆ ಇನ್ನೊಂದು. ಎರಡರ ಮುಂದೆಯೂ ಮಡ. ಎಡಗಡೆಯ ಪಲ್ಲೆಯಿಂದ ಒಬ್ಬ ಮುದುಕಿ ದಿನಾ ಏಡಿ, ಸಣ್ಣ ಮೀನು ಬುಟ್ಟಿಯಲ್ಲಿ ತರುತ್ತಿದ್ದಳು. ಎಲ್ಲರೂ ಪೆದ್ದಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಗಂಡನೂ ಒಬ್ಬ ಮಗನೂ ಸಮುದ್ರಕ್ಕೆ ಹೋಗಿ ಬರಲಿಲ್ಲವಂತೆ. ತಾಂಡೂರಿನ ಬಜಾರಿನಲ್ಲಿ ನಾನು ಕಲಿತ ತೆಲುಗು ಅವಳ ಕಿವಿಗೆ ವಿಚಿತ್ರವಾಗಿತ್ತು. ನನ್ನಿಂದ ಒಂದೊಂದು ಮಾತು ಎರಡೆರಡು ಸಲ ಹೇಳಿಸಿಕೊಂಡು ನಗುತ್ತಿದ್ದಳು. ಅವಳು ತೆಲುಗಿನಲ್ಲಿ ಹೇಳಿದ್ದನ್ನು ನಾನು ಇಲ್ಲಿ ನನ್ನ ಮಾತಿನಲ್ಲಿ ಬರೆಯುತ್ತಿದ್ದೇನೆ.

ಕುರಿಯವರ ಮನೆಯವಳು ಎಂದು ಗೊತ್ತಾದ ಮೇಲೆ ನನ್ನನ್ನು ಮಡದೊಳಗೆ ಕರೆದುಕೊಂಡು ಹೋದಳು. ನೀರು ಇಳಿದ ಹೊತ್ತು. ಬೇರುಗಳ ನಡುವೆ ಮೊಳಕಾಲವರೆಗೆ ಹುಗಿಯುತ್ತಾ ನಡೆದೆವು. ಒಂದು ಎಲೆ ಕಿತ್ತು ಹಿಂಬದಿ ನೆಕ್ಕು ಎಂದಳು. ಉಪ್ಪು. ಗಿಡ ಉಪ್ಪುನೀರು ಕುಡಿದು ಬೇಡವಾದ ಉಪ್ಪನ್ನು ಎಲೆಯಿಂದ ಹೊರಗೆ ಹಾಕುತ್ತದೆ ಎಂದಳು. ಅವರ ಎಮ್ಮೆಗಳು ಆ ಎಲೆಯನ್ನು ತಿಂದೇ ಹಾಲು ಕೊಡುತ್ತವಂತೆ. ಇನ್ನೊಂದು ಗಿಡದ ತೊಗಟೆ ಕುದಿಸಿದ ಕೆಂಪು ನೀರಿನಲ್ಲಿ ಬಲೆ ಅದ್ದುತ್ತಾರೆ, ಬಲೆ ಬೇಗ ಕೊಳೆಯುವುದಿಲ್ಲ. ಆಮೇಲೆ ಬೇರುಗಳ ನಡುವೆ ನಿಂತ ನೀರಿನಲ್ಲಿ ಅಂಗೈ ಮುಳುಗಿಸಿ ಮೆಲ್ಲಗೆ ಎತ್ತಿ ನನ್ನ ಮುಂದೆ ಹಿಡಿದಳು. ಎಳ್ಳುಕಾಳಿನಷ್ಟು ಕಣ್ಣುಗಳು, ಗಾಜಿನಂಥ ಮೈ. ಸೀಗಡಿಯ ಮರಿಗಳು, ಮೀನಿನ ಮರಿಗಳು.

"ಮರಿ ಸಣ್ಣದಿದ್ದಾಗ ನೀವು ಎಲ್ಲಿ ಬಿಡ್ತೀರಿ?" ಎಂದು ಕೇಳಿದಳು.

ಮುಳ್ಳುಬೇಲಿಯ ದೊಡ್ಡಿಯೊಳಗೆ ಎಂದೆ.

"ಇದು ಅದೇ ದೊಡ್ಡಿ. ದೊಡ್ಡ ಮೀನು ಈ ಬೇರಿನೊಳಗ ಬರಾಕ ಆಗೂದಿಲ್ಲ. ಇಲ್ಲಿ ಬೆಳೆದು ಆಮ್ಯಾಲ ಸಮುದ್ರಕ್ಕ ಹೋಗ್ತಾವ. ನಮ್ಮ ಗಂಡಸರು ದೂರ ಹೋಗಿ ಹಿಡಕೊಂಡು ಬರೂದು ಇಲ್ಲಿ ಬೆಳೆದಿದ್ದನ್ನ."

ಆ ಅಂಗೈ ನೀರನ್ನು ಅವಳು ಚೆಲ್ಲಲಿಲ್ಲ. ಬಗ್ಗಿ ನೀರಿಗೆ ನೀರು ಸೇರಿಸಿದಳು. ಅವತ್ತಿನಿಂದ ನಾನು ಆ ಕೆಸರನ್ನು ನೋಡಿ ನಗುವುದು ಬಿಟ್ಟೆ.

ಮಳೆಗಾಲ ಹತ್ತಿದ ಮೇಲೆ ಕೆಲಸ ನಿಂತಿತು. ಅರ್ಧ ಗೋದಾಮು ಹಾಸಿದ್ದೆವು, ಉಳಿದ ಫರಸಿ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿತ್ತು. ಕೆಲಸವಿಲ್ಲದೆ ಕೂತವರನ್ನು ನೋಡಿ ಸಾಹುಕಾರನ ಕಡೆಯ ಮೇಲ್ವಿಚಾರಕ ಇನ್ನೊಂದು ಕೆಲಸ ಹೇಳಿದ. ಗೋದಾಮಿನ ಮುಂದಿನ ಮಡ ಕಡಿಯಬೇಕು. ಉಪ್ಪಿನ ನಾವೆಗಳು ನೆಟ್ಟಗೆ ಬಾಗಿಲಿಗೆ ಬಂದು ನಿಲ್ಲಬೇಕು, ಜೊತೆಗೆ ಚಿಪ್ಪು ಸುಟ್ಟು ಸುಣ್ಣ ಮಾಡುವ ಭಟ್ಟಿಗೆ ಸೌದೆಯೂ ಆಗುತ್ತದೆ. ಬಲಗಡೆಯ ಪಲ್ಲೆಯವರೂ ಕಡಿಯಲು ಬಂದರು. ಭಾವ ಕೊಡಲಿ ತೆಗೆದುಕೊಂಡರು. ಕೈ ಕಟ್ಟಿಕೊಂಡು ಕೂರುವುದು ಅವರಿಗೆ ಆಗಿಬರುತ್ತಿರಲಿಲ್ಲ.

ಪೆದ್ದಮ್ಮ ನನ್ನ ಹತ್ತಿರ ಬಂದಳು. ನಿಮ್ಮವರಿಗೆ ಹೇಳು, ಇದು ಬರೀ ಸೌದೆಯಲ್ಲ ಎಂದಳು. ಮೀನಿನ ಮಾತು ಹೇಳಿದಳು, ಅದಕ್ಕಿಂತ ಹೆಚ್ಚಾಗಿ ಗಾಳಿಯ ಮಾತು ಹೇಳಿದಳು. ಅವಳು ಸಣ್ಣವಳಿದ್ದಾಗ ಕಾರ್ತಿಕದಲ್ಲಿ ಒಂದು ಗಾಳಿ ಎದ್ದು ಸಮುದ್ರ ಊರೊಳಗೆ ಬಂದಿತ್ತಂತೆ. ಮಡ ಇದ್ದ ಕಡೆ ನೀರು ನಡೆದುಕೊಂಡು ಬಂತು, ಇಲ್ಲದ ಕಡೆ ಓಡಿಕೊಂಡು ಬಂತು ಎಂದಳು. ಅದನ್ನು ಹೇಳುವಾಗ ಅವಳ ದನಿಯಲ್ಲಿ ಹೆದರಿಕೆ ಏನೂ ಇರಲಿಲ್ಲ. ಬಾವಿ ಎಲ್ಲಿದೆ ಎಂದು ದಾರಿ ಹೇಳುವವರ ಹಾಗೆ ಹೇಳಿದಳು.

ನಾನು ಗಂಡನಿಗೆ ಹೇಳಿದೆ. ಅಣ್ಣನಿಗೆ ಹೇಳಿ ಎಂದೆ. ನನ್ನ ಗಂಡ ಏನು ಹೇಳಿದರೋ, ಎಷ್ಟು ಹೇಳಿದರೋ. ಭಾವ ಕೊಡಲಿ ಮಸೆಯುತ್ತಲೇ ಇದ್ದರು. ಮುದುಕಿಗೆ ಏಡಿ ಸಿಗೋದಿಲ್ಲಂತ ಚಿಂತಿ ಅಂದೆ, ಅಣ್ಣ ನಕ್ಕ, ಎಂದು ನನ್ನ ಗಂಡ ಆಮೇಲೆ ಹೇಳಿದರು. ಗಾಳಿಯ ಮಾತು ಹೇಳಿದಿರೇನು ಎಂದು ಕೇಳಿದೆ.

"ಅದನ್ನ ಹ್ಯಾಂಗ ಹೇಳೂದು? ನಾಕು ಹೆಣ್ಣುಮಕ್ಕಳು ಹೇಳಿದ್ರಂತ ಕೆಲಸ ಬಿಡಾಕ ಆಗ್ತೈತೇನು?"

ನಾನೇ ಹೋಗಿ ಹೇಳಬಹುದಿತ್ತು. ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದರು. ಸೆರಗು ಎಳೆದುಕೊಂಡು ಒಲೆಯ ಮುಂದೆ ಕೂತೆ.

ಶ್ರಾವಣ, ಭಾದ್ರಪದ, ಎರಡು ತಿಂಗಳು ಕಡಿದೆವು. ಕಡಿದರು ಎಂದು ಬರೆದರೆ ಸುಳ್ಳಾಗುತ್ತದೆ. ಕಡಿದ ಕೊಂಬೆಗಳನ್ನು ಕೆಸರಿನಿಂದ ಎಳೆದು ತಂದವರಲ್ಲಿ ನಾನೂ ಇದ್ದೆ. ಆ ಕಟ್ಟಿಗೆ ಕಲ್ಲಿನಂಥ ಭಾರ. ನೀರಿಗೆ ಹಾಕಿದರೆ ಮುಳುಗುತ್ತದೆ. ಕಡಿದಲ್ಲಿ ಕೆಂಪಗೆ ಒಸರುತ್ತದೆ. ಸಂಜೆ ಹೊತ್ತಿಗೆ ಭುಜ ಬಾತು, ರೊಟ್ಟಿ ತಟ್ಟಲು ಕೈ ಮೇಲೆತ್ತಲಾಗುತ್ತಿರಲಿಲ್ಲ. ಬೇರಿನ ಗೂಟಗಳು ಅಂಗಾಲಿಗೆ ಚುಚ್ಚಿ ಆದ ಗಾಯ ಉಪ್ಪುನೀರಿನಲ್ಲಿ ಆರುತ್ತಲೇ ಇರಲಿಲ್ಲ. ಗೋದಾಮಿನ ಮುಂದೆ, ಬಲಗಡೆಯ ಪಲ್ಲೆಯ ಮುಂದೆ ಎಲ್ಲ ಬಯಲಾಯಿತು. ಮೊದಲ ಸಲ ಸಮುದ್ರ ನೆಟ್ಟಗೆ ಕಂಡಿತು. ದೌಲತಾಬಾದಿನವಳು ಚೆಂದ ಐತಿ ಎಂದಳು. ನನಗೂ ಚೆಂದ ಕಂಡಿತು, ಅದನ್ನೂ ಬರೆಯಬೇಕು.

ಎಡಗಡೆಗೆ ಬಂದಾಗ ಪೆದ್ದಮ್ಮನ ಪಲ್ಲೆಯ ಹೆಂಗಸರು ಕೆಸರಿನಲ್ಲೇ ಸಾಲಾಗಿ ಕೂತುಬಿಟ್ಟರು. ಬೈಗುಳವಿಲ್ಲ, ಕೂಗಾಟವಿಲ್ಲ. ಬಲೆ ಹೊಲಿಯುತ್ತಾ ಕೂತರು. ನೀರು ಏರಿ ಸೊಂಟಕ್ಕೆ ಬಂದರೂ ಏಳಲಿಲ್ಲ. ಭಾವ ಸ್ವಲ್ಪ ಹೊತ್ತು ನಿಂತು ನೋಡಿ ಕೊಡಲಿಯನ್ನು ಹೆಗಲಿಗೆ ಹಾಕಿಕೊಂಡು ತಿರುಗಿದರು. ಮೇಲ್ವಿಚಾರಕನಿಗೆ, ಹೆಣ್ಣುಮಕ್ಕಳ ನಡುವ ನಾ ಕೊಡಲಿ ಬೀಸೂದಿಲ್ಲರಿ ಎಂದರಂತೆ. ಆ ತುಂಡು ಹಾಗೇ ಉಳಿಯಿತು. ಭಾವ ಕೆಟ್ಟವರಾಗಿರಲಿಲ್ಲ ಎಂದು ನಾನು ಯಾರಿಗೂ ಸಾಬೀತು ಮಾಡಬೇಕಾಗಿಲ್ಲ. ಆದರೂ ಇದನ್ನು ಬರೆಯದೆ ಮುಂದೆ ಹೋಗಲಾರೆ.

ಆ ಮಧ್ಯೆ ಬಲಗಡೆಯ ಪಲ್ಲೆಯ ಹೆಂಗಸರು ಖಾಲಿ ಬುಟ್ಟಿ ಹಿಡಿದುಕೊಂಡು ಎಡಗಡೆಗೆ ಏಡಿ ಹುಡುಕಲು ಬರತೊಡಗಿದರು. ಅವರ ಕಡೆ ಕೆಸರು ಒಣಗಿ ಬಿರಿದು, ಅಲೆ ಬಂದಾಗಲೆಲ್ಲ ದಂಡೆ ಹೆಂಟೆ ಹೆಂಟೆಯಾಗಿ ನೀರಿಗೆ ಬೀಳುತ್ತಿತ್ತು. ಪೆದ್ದಮ್ಮನ ಕಡೆಯವರು ಜಗಳ ತೆಗೆಯಲಿಲ್ಲ. ಸಂಬಂಧಿಕರೇ ತಾನೆ.

ದಸರೆಗೆ ದೌಲತಾಬಾದಿನವರು ಊರಿಗೆ ಹೊರಟುಹೋದರು. ಆಕೆಗೆ ಮೈಯೆಲ್ಲ ತುರಿಕೆ ಎದ್ದು ನಿದ್ದೆಯೇ ಇಲ್ಲದಂತಾಗಿತ್ತು. ಫರಸಿ ಬಂತು. ಮೂವರೇ ಹಾಸಿದೆವು. ದೀಪಾವಳಿ ಬಂದು ಹೋದದ್ದು ತಿಳಿಯಲಿಲ್ಲ. ಇನ್ನು ಒಂದು ಮೂಲೆ ಉಳಿದಿತ್ತು, ಹತ್ತು ದಿನದ ಕೆಲಸ.

ಆ ದಿನ ಬೆಳಕು ಹರಿಯುವಾಗಲೇ ಗಾಳಿ ಇತ್ತು. ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಹಕ್ಕಿಗಳು ಒಂದೂ ಇರಲಿಲ್ಲ. ಹೊತ್ತು ಏರಿದಂತೆ ಗಾಳಿಯೂ ಏರಿತು, ಮಳೆ ಅಡ್ಡಡ್ಡ ಬಡಿಯತೊಡಗಿತು. ಪೆದ್ದಮ್ಮ ಬಾಗಿಕೊಂಡು, ನೆಲ ಹಿಡಿದುಕೊಂಡು ಗೋದಾಮಿನವರೆಗೆ ಬಂದಳು. ನಡೆಯಿರಿ, ನಮ್ಮ ಪಲ್ಲೆಯ ಹಿಂದೆ ಏರಿ ಇದೆ, ಎಲ್ಲರೂ ಅಲ್ಲಿ ಸೇರಿದ್ದಾರೆ ಎಂದಳು. ಬಲಗಡೆಯ ಪಲ್ಲೆಗೂ ಜನರನ್ನು ಕಳಿಸಿದ್ದಳಂತೆ. ಕೆಲವರು ಬಂದಿದ್ದರು, ಬಹಳ ಮಂದಿ ಮನೆ ಬಿಟ್ಟು ಬರಲಿಲ್ಲ.

ಮೇಲ್ವಿಚಾರಕ ಎರಡು ದಿನದ ಹಿಂದೆಯೇ ಪಟ್ಟಣಕ್ಕೆ ಹೋಗಿದ್ದ. ಗೋದಾಮಿನಲ್ಲಿದ್ದವರು ನಾವು ಮೂವರೇ. ಭಾವ ಗೋಡೆ ಮುಟ್ಟಿ ನೋಡಿ, ಹುಲ್ಲಿನ ಗುಡಿಸಲಿಗಿಂತ ಇಟ್ಟಿಗೆಯ ಗೋಡೆ ಗಟ್ಟಿ, ಇಲ್ಲಿಂದ ಏಳುವುದು ಬೇಡ ಎಂದು ನನ್ನ ಗಂಡನಿಗೆ ಹೇಳಿದರು. ಅದು ಮೂರ್ಖತನದ ಮಾತಾಗಿರಲಿಲ್ಲ. ನಮ್ಮ ಕಡೆ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು.

ಆಗ ನಾನು ಬಾಯಿಬಿಟ್ಟೆ. ಮದುವೆಯಾಗಿ ಬಂದ ಮೇಲೆ ಭಾವನೊಂದಿಗೆ ನಾನಾಡಿದ ಮೊದಲ ಮಾತು.

"ಭಾವ, ಬರ್ರಿ. ಮುಂದಿನ ಗಿಡ ನಾವ ಕಡದೀವಿ. ಈ ಕಡೆ ನೀರು ಓಡಿ ಬರ್ತೈತಿ."

ಸೆರಗು ಗಾಳಿಗೆ ಎಲ್ಲಿಗೋ ಹೋಗಿತ್ತು. ಅವರು ನನ್ನ ಮುಖವನ್ನು ಸರಿಯಾಗಿ ನೋಡಿದ್ದೂ ಅದೇ ಮೊದಲಿರಬೇಕು. ಸಿಟ್ಟಾಗಲಿಲ್ಲ.

"ಹೆದರಿದ್ರ ನೀ ಹೋಗವಾ," ಎಂದರು. ತಮ್ಮನ ಕಡೆ ತಿರುಗಿ, "ಆಕಿನ್ನ ಮುಟ್ಟಿಸಿ ಬಾ. ನಾ ಇಲ್ಲೇ ಸುಣ್ಣದ ಚೀಲ ಮ್ಯಾಲ ಎತ್ತಿಡ್ತೀನಿ, ತೊಯ್ದ್ರ ಎಲ್ಲಾ ಹಾಳಾಗ್ತೈತಿ," ಎಂದರು.

ನನ್ನ ಗಂಡ ನನ್ನನ್ನು ಮುಟ್ಟಿಸಿ ತಿರುಗಿ ಹೋಗುವುದಕ್ಕೆಂದೇ ಬಂದರು. ಪೆದ್ದಮ್ಮನೂ ಸೇರಿ ಮೂವರೂ ಒಬ್ಬರ ಕೈ ಒಬ್ಬರು ಹಿಡಿದು ಪಲ್ಲೆ ದಾಟಿ ಏರಿ ಹತ್ತುವಷ್ಟರಲ್ಲಿ ಹಿಂದೆ ಒಂದು ಸದ್ದು ಕೇಳಿತು. ಖಣಿಯಲ್ಲಿ ಬಂಡೆ ಜಾರುವ ಸದ್ದಿನಂತಿತ್ತು. ತಿರುಗಿದರೆ ಗೋದಾಮಿನ ಕಡೆ, ಬಲಗಡೆಯ ಪಲ್ಲೆಯ ಕಡೆ, ಬಯಲು ಮಾಡಿದ್ದ ದಾರಿಯಲ್ಲೇ ನೀರು ಎದ್ದು ಬರುತ್ತಿತ್ತು. ಕಂದು ನೀರು, ಅದರ ನೆತ್ತಿಯ ಮೇಲೆ ದೋಣಿ, ತೊಲೆ, ಚಾವಣಿ. ನಮ್ಮ ಕಡೆಗೂ ನೀರು ಬಂತು. ಗುಡಿಸಲುಗಳು ಕುಸಿದವು, ಏರಿಯ ಮೇಲೆ ಎದೆಮಟ್ಟ ನೀರು ನಿಂತಿತು. ನಾವು ಬಲೆಯ ಹಗ್ಗದಿಂದ ಒಬ್ಬರನ್ನೊಬ್ಬರು ಕಟ್ಟಿಕೊಂಡು ಈಚಲ ಮರಗಳಿಗೆ ಆತುಕೊಂಡಿದ್ದೆವು. ಆದರೆ ಆ ನೀರು ಮಡದೊಳಗಿಂದ ಸೋಸಿಕೊಂಡು, ಎಲೆ ಕಸ ಹೊತ್ತುಕೊಂಡು, ಕಾಲಿಗೆ ಬಡಿಯದೆ ಏರಿತು. ಅಣ್ಣನ ಕಡೆ ಹೋಗಬೇಕೆಂದು ನನ್ನ ಗಂಡ ಹಗ್ಗ ಬಿಚ್ಚಲು ಎಷ್ಟು ಹೆಣಗಿದರೋ. ಪೆದ್ದಮ್ಮನೂ ಇನ್ನಿಬ್ಬರೂ ಹಿಡಿದು ನಿಲ್ಲಿಸಿದರು. ಆ ಗುದ್ದಾಟದಲ್ಲಿ ನೀರಿನಡಿಯ ಯಾವುದೋ ಚಿಪ್ಪು ಅವರ ಪಾದವನ್ನು ಮೂಳೆಯವರೆಗೆ ಸೀಳಿತು. ಅದು ಅವರಿಗೆ ಗೊತ್ತಾದದ್ದು ನೀರು ಇಳಿದ ಮೇಲೆ.

ಭಾವ ಸಿಕ್ಕಿದ್ದು ಮೂರನೆಯ ದಿನ, ಉಳಿದ ಮಡದ ಬೇರುಗಳ ನಡುವೆ. ನೀರು ಹಿಂದಕ್ಕೆ ಎಳೆಯುವಾಗ ಅಲ್ಲಿ ಸಿಕ್ಕಿಕೊಂಡಿದ್ದರು. ಬಲಗಡೆಯ ಪಲ್ಲೆಯವರು ಬಹಳ ಮಂದಿ ಸಿಗಲೇ ಇಲ್ಲ. ಎಷ್ಟು ಜನ ಎಂದು ನಾನು ಕೇಳಲಿಲ್ಲ. ನಮ್ಮ ಜೊತೆ ಕಡಿದವರ ಮುಖಗಳು ನನಗೆ ಗೊತ್ತಿದ್ದವು, ಯಾರು ಕಾಣುವುದಿಲ್ಲ ಎಂದು ನಾನೇ ನೋಡಿಕೊಳ್ಳಬಹುದಿತ್ತು. ಗೋದಾಮಿನ ಗೋಡೆ ಒಂದು ಮಗ್ಗುಲು ಪೂರಾ ಬಿದ್ದಿತ್ತು. ಅಡಿಯ ಉಸುಕು ಕೊಚ್ಚಿಹೋಗಿ ನಾವು ಹಾಸಿದ ಫರಸಿಗಳು ಒಂದರ ಮೇಲೊಂದು ಒರಗಿದ್ದವು. ಅದರಲ್ಲಿ ಒಂದನ್ನು ನಾಲ್ಕು ಜನ ಹೊತ್ತು ತಂದು ಭಾವನನ್ನು ಮಣ್ಣು ಮಾಡಿದ ಗುಂಡಿಯ ಮೇಲೆ ಇಟ್ಟರು. ಏರಿಯ ಹಿಂದೆ, ಗಟ್ಟಿ ನೆಲದಲ್ಲಿ. ನನ್ನ ಗಂಡ ಕುಂಟುತ್ತಾ ಬಂದು ಆ ಕಲ್ಲನ್ನು ಅಂಗೈಯಿಂದ ಬಡಿದು ನೋಡಿದರು.

ಕಾಲುವೆ ಒಡೆದು ನಾವೆಗಳು ನಿಂತಿದ್ದವು. ಗಂಡನ ಕಾಲು ಕೀವುಗಟ್ಟಿತ್ತು. ಒಂದು ತಿಂಗಳಿಗೂ ಹೆಚ್ಚು ಅಲ್ಲೇ ಉಳಿದೆವು. ಬಾವಿಗಳೆಲ್ಲ ಉಪ್ಪಾಗಿದ್ದವು, ಒಂದು ಬಾವಿಯ ನೀರು ಮಾತ್ರ ಹೇಗೋ ಕುಡಿಯುವಂತಿತ್ತು. ಅಕ್ಕಿ ಬರುವವರೆಗೆ ಎರಡೂ ಪಲ್ಲೆಯ ಉಳಿದ ಜನ ಬದುಕಿದ್ದು ಆ ಒಂದು ತುಂಡು ಮಡದಿಂದ. ಹೆಂಗಸರು ಬೇರುಗಳ ನಡುವೆ ಕೈ ಹಾಕಿ ಏಡಿ ತೆಗೆದರು, ಸಣ್ಣ ಬಲೆಯಲ್ಲಿ ಸೀಗಡಿ ಹಿಡಿದರು. ಕಡಿದ ಕಡೆ ಹುಡುಕಿದರೆ ಬರೀ ಮೋಟುಗಳು. ಪೆದ್ದಮ್ಮ ನಮಗೂ ಬಡಿಸಿದಳು. ಒಂದು ದಿನವೂ, ನಾನು ಹೇಳಿದ್ದೆನಲ್ಲ ಎನ್ನಲಿಲ್ಲ. ಅಂದಿದ್ದರೆ ನನಗೆ ಅಷ್ಟು ಆಯಾಸವಾಗುತ್ತಿರಲಿಲ್ಲವೇನೋ.

ಆ ಗಿಡಗಳಲ್ಲಿ ಒಂದು ಜಾತಿಯದರ ಬೀಜ ಮರದ ಮೇಲೆಯೇ ಮೊಳೆತು, ನುಗ್ಗೆಕಾಯಿಯ ಹಾಗೆ ಜೋತುಬಿದ್ದು, ಬಲಿತ ಮೇಲೆ ಕೆಸರಿಗೆ ಬೀಳುತ್ತದೆ. ಗಾಳಿಗೆ ಉದುರಿದ್ದವು ದಂಡೆಯ ತುಂಬ ಬಿದ್ದಿದ್ದವು. ಪೆದ್ದಮ್ಮ ಅವನ್ನು ಆರಿಸಿ, ಕಡಿದ ಕಡೆ ಕೆಸರಿನಲ್ಲಿ ಒಂದೊಂದಾಗಿ ಚುಚ್ಚುತ್ತಿದ್ದಳು. ನಾನೂ ಅವಳ ಹಿಂದೆ ಬಗ್ಗಿ ಬಗ್ಗಿ ಚುಚ್ಚಿದೆ. ನಾಟಿ ಮಾಡಿದಂತೆ ಸುಲಭವಲ್ಲ. ನೀರು ಏರಿದಾಗ ಅರ್ಧ ಕಿತ್ತುಹೋಗುತ್ತಿದ್ದವು, ಉಳಿದವಕ್ಕೆ ಬದುಕಿದ ಎಮ್ಮೆಗಳು ಬಾಯಿ ಹಾಕುತ್ತಿದ್ದವು. ಮರುದಿನ ಮತ್ತೆ ಅಲ್ಲೇ. ಇವು ದೊಡ್ಡವಾಗುವುದು ಯಾವಾಗ ಎಂದು ಕೇಳಿದೆ.

"ನಾನಂತೂ ನೋಡೂದಿಲ್ಲ," ಎಂದಳು. "ನೀ ಊರಿಗೆ ಹೋಗ್ತಿ, ನೀನೂ ನೋಡೂದಿಲ್ಲ. ಚುಚ್ಚು."

ಅವು ಹತ್ತಿದವೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕಡೆಯಿಂದ ಬಂದವರು ಯಾರೂ ನನಗೆ ಮತ್ತೆ ಸಿಗಲಿಲ್ಲ.

ತಿರುಗಿ ಬರುವ ರೈಲಿನಲ್ಲಿ ನನ್ನ ಗಂಡ, ಮನೆಯಲ್ಲಿ ಗಿಡ ಕಡಿದ ಮಾತು ತೆಗೆಯಬೇಡ ಎಂದರು. ಸಮುದ್ರ ಬಂತು, ಒಯ್ದಿತು, ಅಷ್ಟೇ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹೂಂ ಎಂದೆ. ತಾಂಡೂರಿನಲ್ಲಿ ಇಳಿದಾಗ ನೆಲ ಗಟ್ಟಿಯಾಗಿತ್ತು, ಒಣಗಿತ್ತು, ಮಾರ್ಕೆಟಿನ ಕಡೆ ತೊಗರಿಯ ಗಾಡಿಗಳು ಹೋಗುತ್ತಿದ್ದವು. ಇಬ್ಬರೇ ಇಳಿದದ್ದನ್ನು ನೋಡಿದ ಯಾರೋ ನಮಗಿಂತ ಮೊದಲೇ ಮನೆಗೆ ಓಡಿದ್ದರು. ನಾವು ಓಣಿ ತಿರುಗುವಾಗಲೇ ಅಕ್ಕನ ಅಳು ಕೇಳಿಸಿತು.

ಎರಡು ತಿಂಗಳು ನಾನು ಹೇಳಲಿಲ್ಲ. ಅಕ್ಕನೂ ನಾನೂ ದಿನಾ ಎದುರುಬದುರು ಕೂತು ಬೀಸುಕಲ್ಲಿನಲ್ಲಿ ತೊಗರಿ ಒಡೆಯುತ್ತಿದ್ದೆವು. ಒಂದೇ ಗೂಟಕ್ಕೆ ಇಬ್ಬರ ಕೈ. ಸಮುದ್ರ ಹ್ಯಾಂಗಿರ್ತದ, ಯಾಕ ಬಂತು ಎಂದು ಅವಳು ಆಗಾಗ ಕೇಳುತ್ತಿದ್ದಳು. ನಾನು ಏನೋ ಒಂದು ಹೇಳುತ್ತಿದ್ದೆ. ಸುಳ್ಳನ್ನು ಹೊತ್ತುಕೊಂಡು ಬೀಸುಕಲ್ಲು ತಿರುಗಿಸುವುದು ಎಷ್ಟು ಭಾರ ಎಂದರೆ, ಒಂದು ಮಧ್ಯಾಹ್ನ ನನ್ನ ಕೈ ತಾನಾಗಿ ನಿಂತುಬಿಟ್ಟಿತು. ಎಲ್ಲ ಹೇಳಿದೆ. ದೊಡ್ಡಿಯಂಥ ಬೇರುಗಳು, ಮರಿಗಳು, ಪೆದ್ದಮ್ಮನ ಮಾತು, ನಾನು ಸೆರಗು ಎಳೆದುಕೊಂಡು ಕೂತದ್ದು, ಕೊಂಬೆ ಎಳೆದದ್ದು, ಕಡೆಗೆ ಬಾಯಿಬಿಟ್ಟದ್ದು.

ಅಕ್ಕ ಗೂಟ ಬಿಡದೆ ಕೇಳಿದಳು. ಆಮೇಲೆ ಒಂದೇ ಪ್ರಶ್ನೆ.

"ನೀ ನೆಟ್ಟಗ ಅವರಿಗೇ ಹೇಳಿದ್ದಿ?"

"ಕಡೀ ದಿನ ಹೇಳಿದೆ, ಅಕ್ಕ."

"ಅದಕ್ಕ ಮೊದಲ?"

"ಇಲ್ಲ."

ಅವಳು ಎದ್ದು ಒಳಗೆ ಹೋದಳು. ಹದಿನೈದು ದಿನ ನನ್ನೊಂದಿಗೆ ಮಾತಾಡಲಿಲ್ಲ. ಬಡಿಸುತ್ತಿದ್ದಳು, ನೀರು ತುಂಬುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ಗಂಡನೂ ಮಾತು ಬಿಟ್ಟರು, ನಾನು ಮಾತು ಮುರಿದೆನೆಂದು. ಒಂದು ದಿನ ಅವಳೇ ಬೀಸುಕಲ್ಲಿನ ಮುಂದೆ ಬಂದು ಕೂತು, ಆ ಗಿಡದ ಬೇರು ಹ್ಯಾಂಗಿರ್ತಾವ, ಇನ್ನೊಮ್ಮೆ ಹೇಳು ಎಂದಳು. ಹೇಳಿದೆ. ಆಮೇಲೆ ಎಷ್ಟೋ ಸಲ ಹೇಳಿಸಿಕೊಂಡಳು. ನೀರು ಯಾಕೆ ಓಡಲಿಲ್ಲ, ಮೀನಿನ ಮರಿ ಎಷ್ಟು ದಿನ ಅಲ್ಲಿರುತ್ತದೆ, ಉಪ್ಪುನೀರಿನಲ್ಲಿ ಗಿಡ ಯಾಕೆ ಸಾಯುವುದಿಲ್ಲ. ಗೊತ್ತಿದ್ದದ್ದು ಹೇಳಿದೆ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದೆ.

ಮರುವರ್ಷ ಅದೇ ಗುತ್ತೇದಾರ್ ಮನೆಗೆ ಬಂದ. ಅದೇ ಕರಾವಳಿಯಲ್ಲಿ, ಇನ್ನೂ ಸ್ವಲ್ಪ ಮೇಲೆ, ಇನ್ನೊಂದು ಗೋದಾಮು. ನನ್ನ ಗಂಡನ ಕಾಲು ವಾಸಿಯಾಗಿತ್ತು, ಕುಂಟು ಮಾತ್ರ ಉಳಿದಿತ್ತು. ಅವರು ನೆಲ ನೋಡುತ್ತಾ ಕೂತಿದ್ದರು. ಪರಗಂಡಸರ ಮುಂದೆ ಎಂದೂ ಬಾರದ ಅಕ್ಕ ಹೊಸ್ತಿಲಿಗೆ ಬಂದು ನಿಂತಳು.

"ಅಲ್ಲಿ ಗಿಡ ಕಡಿಯೂ ಕೆಲಸ ಐತೇನ್ರಿ?" ಎಂದು ಕೇಳಿದಳು.

ಗುತ್ತೇದಾರನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ತನ್ನದು ಕಲ್ಲಿನ ಕೆಲಸ, ಗಿಡದ ಮಾತು ತನಗೇನು ಗೊತ್ತು ಎಂದ.

"ಹಂಗಾದ್ರ ಕೇಳಿಕೊಂಡು ಬರ್ರಿ. ಸಮುದ್ರದ ದಂಡಿಗೆ ಗಿಡ ಅದಾವೇನು, ಅವನ್ನ ಹಂಗ ಬಿಡ್ತಾರೇನು, ಕೇಳಿಕೊಂಡು ಬರ್ರಿ. ಬಿಡ್ತಾರಂದ್ರ ನಮ್ಮ ಮೈದುನ ಬರ್ತಾನ."

ಸಮುದ್ರವನ್ನು ಅವಳು ಒಂದು ದಿನವೂ ನೋಡಿದವಳಲ್ಲ. ಗುತ್ತೇದಾರ್ ಚಹಾ ಕುಡಿದು, ನೋಡೋಣ ಎಂದು ಎದ್ದ. ಮತ್ತೆ ಬರಲಿಲ್ಲ. ಬೇರೆ ಓಣಿಯ ನಾಲ್ಕು ಜನರನ್ನು ಕರೆದುಕೊಂಡು ಹೋಗುತ್ತಾನೆಂದು ಕೇಳಿದೆವು. ಅವರು ಹೊರಡುವ ಮುಂಚೆ ನಾನೂ ಅಕ್ಕನೂ ಅವರ ಮನೆಗೆ ಹೋಗಿ ಇದೆಲ್ಲ ಹೇಳಿದೆವು. ಅವರ ಹೆಂಗಸರು ನನಗೆ ಕುಂಕುಮ ಕೊಟ್ಟು, ಅಕ್ಕನಿಗೆ ಕೊಡಲಾರದೆ ತಡವರಿಸಿ, ಕೇಳಿಸಿಕೊಂಡರು. ಗಂಡಸರು ಹೂಂ ಹೂಂ ಎಂದರು. ಅವರು ಅಲ್ಲಿ ಏನು ಮಾಡಿದರೋ.

ಓಣಿಯಲ್ಲಿ ತಿರುಗಿ ಬರುವಾಗ ಬಿಸಿಲು ಬಹಳ ಇತ್ತು. ಅಕ್ಕ ಒಂದು ಮನೆಯ ಕಟ್ಟೆಯ ಮೇಲೆ ಕೂತು, ಸ್ವಲ್ಪ ದಣಿವಾರಿಸಿಕೊಳ್ಳೋಣ ಎಂದಳು. ನಾನೂ ಪಕ್ಕದಲ್ಲಿ ಕೂತೆ. ಖಣಿಯ ಕಡೆಯಿಂದ ಉಳಿಯ ಸದ್ದು ಬರುತ್ತಿತ್ತು. ಮನೆಯಲ್ಲಿ ಇನ್ನೂ ಎರಡು ಚೀಲ ತೊಗರಿ ಒಡೆಯುವುದಿತ್ತು.